ಮಕ್ಕಳೊಂದಿಗೆ ಜಿಯೋಕ್ಯಾಶಿಂಗ್: ಕಾಸರಗೋಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯ ಆಚೀಚಿನವರೆಗೆ, ಒಳನಾಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯದವರೆಗೆ ಹರಡಿರುವ ಕನ್ನಡದ ಮನೆಗಳಲ್ಲಿ ಸಣ್ಣ ಮಕ್ಕಳಿರುವ ತಂದೆತಾಯಿಯರೂ ಅಜ್ಜ ಅಜ್ಜಿಯರೂ ಈ ಹವ್ಯಾಸದ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ. ಪರದೇಶದ ಉದ್ಯಾನವನಗಳಿಗೆ ಹೊಂದುವ ಸಲಹೆಗಳು ನಮ್ಮ ಗುಡ್ಡೆ, ತೋಟ, ತೋಡುಗಳಿಗೆ ಹಾಗೆಯೇ ಹೊಂದುವುದಿಲ್ಲವಾದ್ದರಿಂದ, ಆಟದ ಮೂಲ ನಿಯಮಗಳನ್ನು ಬಿಡದೆ, ಇಲ್ಲಿನ ನೆಲಕ್ಕೆ ಬೇಕಾದ ಎಚ್ಚರಗಳನ್ನು ಸೇರಿಸಿ ಬರೆಯಲಾಗಿದೆ.

ಜಿಯೋಕ್ಯಾಶಿಂಗ್ ಎಂದರೆ ಏನು?

ಒಬ್ಬರು ಒಂದು ಡಬ್ಬಿಯನ್ನು ಎಲ್ಲೋ ಅಡಗಿಸಿ, ಆ ಜಾಗದ ಅಕ್ಷಾಂಶ ಮತ್ತು ರೇಖಾಂಶಗಳನ್ನು, ಅಂದರೆ ಸ್ಥಾನಾಂಕವನ್ನು, ಪ್ರಕಟಿಸುತ್ತಾರೆ. ಉಳಿದವರು ಜಿಪಿಎಸ್ ಇರುವ ಫೋನು ಅಥವಾ ಸಾಧನ ಹಿಡಿದು ಅಲ್ಲಿಗೆ ಹೋಗಿ ಡಬ್ಬಿಯನ್ನು ಹುಡುಕುತ್ತಾರೆ. ಸಿಕ್ಕಿದಾಗ ಒಳಗಿರುವ ಪುಸ್ತಕದಲ್ಲಿ ಹೆಸರು ಮತ್ತು ದಿನಾಂಕ ಬರೆದು, ಡಬ್ಬಿಯನ್ನು ಇದ್ದ ಜಾಗದಲ್ಲಿ ಇದ್ದ ಹಾಗೆಯೇ ಇಟ್ಟು ಬರಬೇಕು. ದೊಡ್ಡ ಡಬ್ಬಿಗಳಲ್ಲಿ ಗೋಲಿ, ಬಿಲ್ಲೆ, ಪುಟ್ಟ ಆಟಿಕೆಗಳಂತಹ ಸಾಮಾನುಗಳೂ ಇರುತ್ತವೆ. ಮಗು ಒಂದನ್ನು ತೆಗೆದುಕೊಂಡರೆ ಅದಕ್ಕೆ ಸಮನಾದ ಅಥವಾ ಅದಕ್ಕಿಂತ ಉತ್ತಮವಾದ ಇನ್ನೊಂದನ್ನು ಅಲ್ಲಿ ಇಡಬೇಕೆಂಬುದು ಎಲ್ಲೆಡೆ ಪಾಲಿಸುವ ಕ್ರಮ.

ಈ ಆಟ ಶುರುವಾದದ್ದು ಹೇಗೆ?

ಅಮೆರಿಕ ಸರಕಾರವು ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿತು. ಅದುವರೆಗೆ ನೂರು ಮೀಟರಿನಷ್ಟು ಆಚೀಚೆ ತೋರಿಸುತ್ತಿದ್ದ ಸಾಧನಗಳು ಒಂದೇ ರಾತ್ರಿಯಲ್ಲಿ ಹಲವು ಪಟ್ಟು ನಿಖರವಾದವು. ಇದನ್ನು ಪರೀಕ್ಷಿಸಬೇಕೆಂದು ಡೇವ್ ಅಲ್ಮರ್ ಎಂಬವರು ಮೇ 3ರಂದು ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಬಕೆಟನ್ನು ಇಟ್ಟು ಅದರ ಸ್ಥಾನಾಂಕವನ್ನು ಅಂತರಜಾಲದಲ್ಲಿ ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ಅದು ಬೇರೆಯವರಿಗೆ ಸಿಕ್ಕಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜೆರೆಮಿ ಐರಿಷ್ ಅವರು ಈಗ ಎಲ್ಲರೂ ಬಳಸುವ ಜಿಯೋಕ್ಯಾಶಿಂಗ್.ಕಾಮ್ ಜಾಲತಾಣವನ್ನು ತೆರೆದರು. ಇಂದು ಜಗತ್ತಿನಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಡಬ್ಬಿಗಳಿವೆ.

ಕಾಸರಗೋಡಿನ ಸುತ್ತ ಹುಡುಕಲು ಡಬ್ಬಿಗಳೇ ಇಲ್ಲದಿದ್ದರೆ ಏನು ಮಾಡುವುದು?

ಇದು ಅತಿ ಹೆಚ್ಚು ಕೇಳಿಬರುವ ಪ್ರಶ್ನೆ, ಮತ್ತು ಇದರ ಉತ್ತರದಲ್ಲಿಯೇ ನಮ್ಮ ಊರಿಗೆ ಹೊಂದುವ ದಾರಿ ಇದೆ. ಯುರೋಪು ಮತ್ತು ಅಮೆರಿಕದ ಪಟ್ಟಣಗಳಿಗೆ ಹೋಲಿಸಿದರೆ ಭಾರತದಲ್ಲಿ ಪ್ರಕಟಿತ ಡಬ್ಬಿಗಳು ತೀರಾ ವಿರಳ. ಆ ಜಾಲತಾಣದ ಆ್ಯಪಿನ ನಕ್ಷೆಯಲ್ಲಿ ನಿಮ್ಮ ಊರನ್ನು ನೋಡಿದಾಗ ಹತ್ತಿರದಲ್ಲಿ ಏನೂ ಕಾಣದಿದ್ದರೆ ನಿರಾಶೆಯಾಗಬೇಕಾಗಿಲ್ಲ. ಮಕ್ಕಳಿಗೆ ಬೇಕಾಗಿರುವುದು ಹುಡುಕಾಟ. ಡಬ್ಬಿಯನ್ನು ಅಮೆರಿಕದವರು ಇಟ್ಟಿದ್ದಾರೋ ಅಜ್ಜ ಇಟ್ಟಿದ್ದಾರೋ ಎಂಬುದು ಆರು ವರ್ಷದ ಮಗುವಿಗೆ ಮುಖ್ಯವಲ್ಲ. ಅಜ್ಜ ಇಟ್ಟದ್ದಾದರೆ ಅದರ ಉತ್ಸಾಹ ಇನ್ನೂ ಹೆಚ್ಚು.

ಆದ್ದರಿಂದ ನಮ್ಮ ಭಾಗದ ಕುಟುಂಬಗಳು ಮೊದಲು ಸ್ವಂತ ತೋಟದಲ್ಲಿ, ಅನಂತರ ನೆಂಟರ ಮನೆಗಳ ಹಿತ್ತಿಲುಗಳಲ್ಲಿ ಆಟವನ್ನು ಕಟ್ಟಿಕೊಳ್ಳುವುದೇ ಒಳ್ಳೆಯದೆಂದು ದೃಢವಾಗಿ ಹೇಳಬಯಸುತ್ತೇನೆ. ಎರಡು ಮೂರು ಎಕರೆ ಅಡಿಕೆ ತೋಟ, ಅದರ ಮೇಲೆ ಗೇರುಮರಗಳ ಗುಡ್ಡೆ, ಕೆಳಗೊಂದು ತೋಡು ಇರುವ ಮನೆಯಲ್ಲಿ ಒಂದು ಇಡೀ ರಜೆಗೆ ಸಾಲುವಷ್ಟು ಅಡಗುತಾಣಗಳಿರುತ್ತವೆ. ಜಾಗದ ಯಜಮಾನರು ಮನೆಯವರೇ ಆದ್ದರಿಂದ ಅನುಮತಿಯ ತೊಡಕಿಲ್ಲ, ಅಪರಿಚಿತರ ಭಯವಿಲ್ಲ. ಪರಸ್ಥಳದಲ್ಲಿರುವ ಸೋದರಮಾವನ ಮಕ್ಕಳು ರಜೆಗೆ ಬಂದಾಗ ಊರಿನ ಮಕ್ಕಳು ಅಡಗಿಸಬೇಕು, ಬಂದವರು ಹುಡುಕಬೇಕು, ಮರುದಿನ ಅದಲುಬದಲಾಗಬೇಕು.

ಮಕ್ಕಳಿಗೆ ಎಷ್ಟು ವಯಸ್ಸಾಗಿರಬೇಕು?

ನಡೆಯಬಲ್ಲ ಮಗು ಹುಡುಕಬಲ್ಲದು. ಮೂರು ನಾಲ್ಕು ವರ್ಷದವರಿಗೆ ಸ್ಥಾನಾಂಕದ ಗೊಡವೆ ಬೇಡ. ದೊಡ್ಡವರು ಡಬ್ಬಿಯ ಹತ್ತಿರಕ್ಕೆ ಕರೆದೊಯ್ದು ‘ಇಲ್ಲೇ ಎಲ್ಲೋ ಇದೆ’ ಎಂದು ನಿಲ್ಲಿಸಿದರೆ ಸಾಕು. ಐದರಿಂದ ಏಳು ವರ್ಷದವರು ಫೋನಿನ ಬಾಣವನ್ನು ಅನುಸರಿಸುವುದನ್ನೂ ದಿಕ್ಕುಗಳನ್ನೂ ಕಲಿಯುತ್ತಾರೆ. ಸೂರ್ಯ ಸಮುದ್ರದ ಕಡೆ ಮುಳುಗುತ್ತಾನೆ, ಅದು ಪಶ್ಚಿಮ ಎಂಬ ಒಂದು ಗುರುತು ಕರಾವಳಿಯ ಮಗುವಿಗೆ ಮೊದಲೇ ಇರುವುದರಿಂದ ಉಳಿದ ಮೂರು ದಿಕ್ಕುಗಳನ್ನು ಹೇಳಿಕೊಡುವುದು ಸುಲಭ. ಎಂಟು ವರ್ಷ ದಾಟಿದವರಿಗೆ ದಶಾಂಶ ಬಿಂದುವಿನ ಪರಿಚಯವಾಗುತ್ತಿರುತ್ತದೆ. ಒಂದು ಡಬ್ಬಿಯಲ್ಲಿ ಮುಂದಿನ ಡಬ್ಬಿಯ ಸ್ಥಾನಾಂಕ ಸಿಗುವಂತಹ ಹಲವು ಹಂತದ ಹುಡುಕಾಟವನ್ನು ಅವರಿಗೆ ಕೊಡಬಹುದು.

ಪ್ರಕಟಿತ ಡಬ್ಬಿಗಳಿಗೆ ಎರಡು ಅಂಕಗಳಿರುತ್ತವೆ. ಒಂದು ಹುಡುಕುವ ಕಷ್ಟಕ್ಕೆ, ಇನ್ನೊಂದು ನೆಲದ ಕಷ್ಟಕ್ಕೆ. ಎರಡೂ 1ರಿಂದ 5ರವರೆಗೆ, ಅರ್ಧರ್ಧ ಅಂಕದ ಏರಿಕೆಯಲ್ಲಿ. ನೆಲದ ಅಂಕ 1 ಎಂದಿದ್ದರೆ ಗಾಲಿಕುರ್ಚಿಯಲ್ಲಿಯೂ ತಲುಪಬಹುದಾದ ಜಾಗ ಎಂದು ತಿಳಿಯಬೇಕು. ಸಣ್ಣ ಮಕ್ಕಳೊಂದಿಗೆ ಎರಡೂ ಅಂಕಗಳು 2ನ್ನು ಮೀರದಂತೆ ನೋಡಿಕೊಳ್ಳಿ.

ಏನೇನು ಬೇಕು? ಖರ್ಚೆಷ್ಟು?

ಮನೆಯಲ್ಲಿರುವ ಫೋನು, ಒಂದು ಪೆನ್ಸಿಲು, ಕುಡಿಯುವ ನೀರು, ಕಾಲು ಮುಚ್ಚುವ ಚಪ್ಪಲಿ ಅಥವಾ ಶೂ. ಅಧಿಕೃತ ಆ್ಯಪಿನಲ್ಲಿ ಉಚಿತವಾಗಿ ಸೇರಬಹುದು; ಹಾಗೆ ಸೇರಿದವರಿಗೆ ಎಲ್ಲ ಡಬ್ಬಿಗಳ ವಿವರ ಕಾಣಿಸುವುದಿಲ್ಲ, ಆದರೆ ಆರಂಭಕ್ಕೆ ಅಷ್ಟು ಸಾಕು. ಮನೆಯೊಳಗಿನ ಆಟಕ್ಕಂತೂ ಯಾವ ಸದಸ್ಯತ್ವವೂ ಬೇಡ, ಸ್ಥಾನಾಂಕ ತೋರಿಸುವ ಯಾವುದೇ ನಕ್ಷೆಯ ಆ್ಯಪ್ ಆದೀತು. ಹೊರದೇಶದ ನೆಂಟರು ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ತರುವುದಾಗಿ ಹೇಳಿದರೆ ಬೇಡವೆನ್ನಿ. ಪರವಾನಗಿ ಇಲ್ಲದೆ ಅಂತಹವುಗಳನ್ನು ಭಾರತದಲ್ಲಿ ಇಟ್ಟುಕೊಳ್ಳುವಂತಿಲ್ಲ.

ನಮ್ಮ ಗುಡ್ಡೆಯಲ್ಲಿ ನೆಟ್‌ವರ್ಕ್ ಇಲ್ಲ. ಆಡಬಹುದೇ?

ಆಡಬಹುದು. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸಂಕೇತವನ್ನು ಫೋನು ಸ್ವೀಕರಿಸುತ್ತದೆಯೇ ಹೊರತು ಅವುಗಳಿಗೆ ಏನನ್ನೂ ಕಳಿಸುವುದಿಲ್ಲ. ಆಕಾಶ ತೆರೆದಿದ್ದು ನಾಲ್ಕು ಉಪಗ್ರಹಗಳಾದರೂ ಸಿಕ್ಕಿದರೆ ಸ್ಥಾನ ತಿಳಿಯುತ್ತದೆ. ನೆಟ್‌ವರ್ಕ್ ಬೇಕಾಗುವುದು ನಕ್ಷೆಗೆ ಮಾತ್ರ. ಅದನ್ನು ಮನೆಯಲ್ಲಿಯೇ ಇಳಿಸಿಕೊಂಡು ಹೊರಡಿ.

ಫೋನು ‘ತಲುಪಿದಿರಿ’ ಎನ್ನುತ್ತದೆ, ಆದರೆ ಡಬ್ಬಿ ಅಲ್ಲಿಲ್ಲ. ಏಕೆ?

ತೆರೆದ ಪದವಿನಲ್ಲಿ ನಿಂತಾಗ ಒಳ್ಳೆಯ ಫೋನು ಮೂರರಿಂದ ಐದು ಮೀಟರಿನೊಳಗೆ ಸರಿಯಾಗಿ ತೋರಿಸಬಹುದು. ದಟ್ಟವಾದ ಅಡಿಕೆ ತೋಟದ ಒಳಗೆ, ಎರಡು ಗುಡ್ಡೆಗಳ ನಡುವಿನ ಕಣಿವೆಯಲ್ಲಿ, ಎತ್ತರದ ಧರೆಯ ಬುಡದಲ್ಲಿ ಅದೇ ಫೋನು ಹತ್ತು ಹದಿನೈದು ಮೀಟರ್ ಆಚೀಚೆ ಹೋಗುತ್ತದೆ, ಏಕೆಂದರೆ ಸಂಕೇತಗಳು ಸೋಗೆಗಳಲ್ಲಿ ದುರ್ಬಲವಾಗಿ, ಧರೆಗೆ ತಾಗಿ ತಿರುಗಿ ಬರುತ್ತವೆ. ಅಡಗಿಸಿದವರ ಫೋನಿನ ದೋಷವೂ ಹುಡುಕುವವರ ಫೋನಿನ ದೋಷವೂ ಸೇರಿಕೊಂಡರೆ ಅಂತರ ಇನ್ನೂ ಹೆಚ್ಚುತ್ತದೆ. ಹೀಗಾಗಿ ಕೊನೆಯ ಹತ್ತು ಮೀಟರಿನಲ್ಲಿ ಫೋನನ್ನು ಕಿಸೆಗೆ ಹಾಕಿ ಕಣ್ಣಿನಿಂದ ಹುಡುಕಲು ಮಕ್ಕಳಿಗೆ ಹೇಳಿ. ಸಹಜವಾಗಿ ಬೀಳದ ರೀತಿಯಲ್ಲಿ ಜೋಡಿಸಿದ ಕಲ್ಲು, ಬೇರೆಯದಕ್ಕಿಂತ ಹೊಸದಾಗಿ ಕಾಣುವ ಅಡಿಕೆ ಹಾಳೆ, ಮರದ ಪೊಟರೆಯ ಬಾಯಿಗೆ ಅಡ್ಡ ಇಟ್ಟ ತೊಗಟೆ, ಇವುಗಳನ್ನು ಗಮನಿಸುವುದರಲ್ಲಿ ಮಕ್ಕಳು ದೊಡ್ಡವರಿಗಿಂತ ಮುಂದಿರುತ್ತಾರೆ.

ಸ್ಥಾನಾಂಕ ಬರೆಯುವ ಕ್ರಮದಲ್ಲಿಯೂ ತಪ್ಪಾಗುತ್ತದೆ. ಕಾಸರಗೋಡು ಪಟ್ಟಣ ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, 75 ಡಿಗ್ರಿ ಪೂರ್ವ ರೇಖಾಂಶದ ಅಂಚಿನಲ್ಲಿ ಇದೆ. ಜಿಯೋಕ್ಯಾಶಿಂಗಿನಲ್ಲಿ ಡಿಗ್ರಿಯ ದಶಾಂಶದ ಬದಲಿಗೆ ಡಿಗ್ರಿ ಮತ್ತು ಮಿನಿಟುಗಳಲ್ಲಿ, ಮಿನಿಟಿಗೆ ಮೂರು ದಶಾಂಶ ಸ್ಥಾನಗಳೊಂದಿಗೆ ಬರೆಯುವುದು ರೂಢಿ. 12.5 ಡಿಗ್ರಿ ಎಂದರೆ 12 ಡಿಗ್ರಿ 30 ಮಿನಿಟು. ಅದನ್ನು ಯಾರಾದರೂ 12 ಡಿಗ್ರಿ 50 ಮಿನಿಟು ಎಂದು ಬರೆದುಬಿಟ್ಟರೆ ಡಬ್ಬಿ ಸುಮಾರು 37 ಕಿಲೋಮೀಟರ್ ಉತ್ತರಕ್ಕೆ, ಹೆಚ್ಚುಕಡಿಮೆ ಮಂಗಳೂರಿನ ಅಕ್ಷಾಂಶಕ್ಕೆ ಹೋಗಿಬಿಡುತ್ತದೆ. ಅಕ್ಷಾಂಶದ ಒಂದು ಮಿನಿಟು ಸುಮಾರು 1.85 ಕಿಲೋಮೀಟರ್, ಹಾಗಾದರೆ ಅದರ ಸಾವಿರದ ಒಂದು ಪಾಲು ಎರಡು ಮೀಟರಿಗಿಂತ ಸ್ವಲ್ಪ ಕಡಿಮೆ. ಐದನೆಯ ತರಗತಿಯ ಮಗುವಿಗೆ ದಶಾಂಶ ಬಿಂದು ಏಕೆ ಬೇಕು ಎಂಬುದನ್ನು ತೋಟದಲ್ಲಿ ನಿಂತು ತೋರಿಸಿಕೊಡಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಡಬ್ಬಿಯನ್ನು ಹೇಗೆ ತಯಾರಿಸಬೇಕು?

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರು ಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ ಎಂಬುದನ್ನು ಮೊದಲು ನೆನಪಿಡಬೇಕು. ರಬ್ಬರಿನ ಅಂಚೂ ನಾಲ್ಕು ಬದಿಯ ಕೊಂಡಿಯೂ ಇರುವ ಪ್ಲಾಸ್ಟಿಕ್ ಡಬ್ಬಿ ಉತ್ತಮ. ತಿರುಗಿಸಿ ಮುಚ್ಚುವ ಗಟ್ಟಿ ಬಾಟಲಿಯೂ ಆಗುತ್ತದೆ. ತೆಳು ತಗಡಿನ ಡಬ್ಬ ಒಂದು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಪುಸ್ತಕವನ್ನು ಜಿಪ್ ಇರುವ ಪ್ಲಾಸ್ಟಿಕ್ ಲಕೋಟೆಯೊಳಗೆ ಹಾಕಿ, ಔಷಧದ ಡಬ್ಬಿಗಳಲ್ಲಿ ಸಿಗುವ ತೇವ ಹೀರುವ ಪುಟ್ಟ ಪೊಟ್ಟಣವನ್ನು ಸಣ್ಣ ಮಕ್ಕಳ ಬಾಯಿಗೆ ಹೋಗದಂತೆ ಮುಚ್ಚಳದ ಒಳಬದಿಗೆ ಅಂಟಿಸಿ. ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ, ಪೆನ್ಸಿಲಿನ ಬರಹ ಉಳಿಯುತ್ತದೆ.

ಗಾತ್ರಗಳಿಗೂ ಲೆಕ್ಕವಿದೆ: 100 ಮಿಲಿಲೀಟರಿಗಿಂತ ಕಡಿಮೆಯದು ಮೈಕ್ರೋ, ಅಲ್ಲಿಂದ ಒಂದು ಲೀಟರಿನವರೆಗೆ ಸ್ಮಾಲ್, 20 ಲೀಟರಿನವರೆಗೆ ರೆಗ್ಯುಲರ್, ಅದರ ಮೇಲೆ ಲಾರ್ಜ್. ಮಕ್ಕಳಿಗೆ ಮೈಕ್ರೋ ಬೇಡ. ಸುರುಳಿ ಕಾಗದವನ್ನು ಬಿಟ್ಟು ಬೇರೇನೂ ಇರದ ಡಬ್ಬಿಯನ್ನು ತೆರೆದಾಗ ಅವರ ಮುಖ ಸಪ್ಪಗಾಗುತ್ತದೆ. ಒಂದು ಲೀಟರಿನಷ್ಟು ದೊಡ್ಡದಿರಲಿ. ಗುಲಗಂಜಿ ಬೀಜ ಬಿಟ್ಟು (ಅದು ವಿಷ) ಸಮುದ್ರತೀರದ ಚಿಪ್ಪು, ಗೋಲಿ, ಬಣ್ಣದ ಗುಂಡಿ, ಬಿದಿರಿನ ಪೀಪಿ, ಮಕ್ಕಳೇ ಬರೆದ ಚಿತ್ರ, ಹೀಗೆ ಏನಾದರೂ ಇರಲಿ. ತಿನ್ನುವ ಪದಾರ್ಥವನ್ನು ಎಂದಿಗೂ ಇಡಬಾರದು. ಚಾಕಲೇಟಿನ ವಾಸನೆಗೆ ಇರುವೆ ಬರುತ್ತದೆ, ಹೆಗ್ಗಣ ಬರುತ್ತದೆ, ಮಂಗಗಳು ಡಬ್ಬಿಯನ್ನೇ ಎತ್ತಿಕೊಂಡು ಹೋಗುತ್ತವೆ. ಬೆಂಕಿಪೆಟ್ಟಿಗೆ, ಚಾಕು, ಪಟಾಕಿ, ಮದ್ದುಗಳು ಆಟದ ನಿಯಮದಲ್ಲಿಯೇ ನಿಷಿದ್ಧ.

ಡಬ್ಬಿಯನ್ನು ನೆಲ ಅಗೆದು ಹೂಳಬಾರದು, ಮರಕ್ಕೆ ಮೊಳೆ ಹೊಡೆಯಬಾರದು. ಮುಚ್ಚಳದ ಮೇಲೆ ‘ಇದು ಆಟದ ಡಬ್ಬಿ, ಅಪಾಯವಿಲ್ಲ, ದಯವಿಟ್ಟು ಇಲ್ಲಿಯೇ ಬಿಡಿ’ ಎಂದು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆದಿರಬೇಕು. ತೋಟಕ್ಕೆ ಕೆಲಸಕ್ಕೆ ಬರುವವರಿಗೆ, ಅಡಿಕೆ ಕೊಯ್ಯುವವರಿಗೆ ಮೊದಲೇ ಹೇಳಿಡುವುದು ಇನ್ನೂ ಒಳ್ಳೆಯದು.

ಎಲ್ಲಿ ಅಡಗಿಸಬಾರದು?

ಈ ಪ್ರಶ್ನೆಗೆ ಅವಸರದಿಂದ ಉತ್ತರಿಸಬಾರದು. ಮೊದಲನೆಯದಾಗಿ ಸುರಂಗ. ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ ಕೊರೆದು ನೀರು ತರುವ ಈ ಸುರಂಗಗಳು ನಮ್ಮ ನಾಡಿನ ಹೆಮ್ಮೆ. ಆದರೆ ಅವುಗಳ ಒಳಗೆ ಕತ್ತಲೆ, ಹಾವು, ಬಾವಲಿ, ಕುಸಿಯುವ ಮಣ್ಣು, ಉಸಿರಾಟಕ್ಕೆ ಸಾಲದ ಗಾಳಿ ಇರಬಹುದು. ಮಕ್ಕಳಿಗೆ ಸುರಂಗವನ್ನು ಹೊರಗಿನಿಂದ ತೋರಿಸಿ, ನೀರು ಹೇಗೆ ಬರುತ್ತದೆಂದು ವಿವರಿಸಿ. ಡಬ್ಬಿಯನ್ನು ಅದರ ಬಾಯಿಯಲ್ಲಿಯೂ ಇಡಬೇಡಿ. ಬಾಯಿಯಲ್ಲಿ ಸಿಗದಿದ್ದರೆ ಮಗು ಒಳಗೆ ನೋಡುತ್ತದೆ. ಕೆಂಪು ಕಲ್ಲು ತೆಗೆದು ಬಿಟ್ಟ ಕೋರೆಗಳಿಗೂ ಇದೇ ಮಾತು. ನೇರ ಕಡಿದ ಅವುಗಳ ಗೋಡೆಗಳ ಕೆಳಗೆ ಮಳೆನೀರು ಎಷ್ಟು ಆಳ ನಿಂತಿದೆಯೆಂದು ಮೇಲಿನಿಂದ ತಿಳಿಯುವುದಿಲ್ಲ. ಕಟ್ಟೆ ಇಲ್ಲದ ಬಾವಿ, ಕೆರೆಯ ದಂಡೆ, ಪಂಪಿನ ಶೆಡ್ಡು, ಹಂದಿಗಾಗಿ ಹಾಕಿದ ವಿದ್ಯುತ್ ಬೇಲಿ, ಕಾಯಿ ಬೀಳುವ ತೆಂಗಿನ ಮರದ ಬುಡ, ಇವೆಲ್ಲವನ್ನೂ ಬಿಟ್ಟುಬಿಡಿ.

ಎರಡನೆಯದಾಗಿ ನಾಗಬನ, ದೈವಸ್ಥಾನ, ಕಾವುಗಳು. ಅಲ್ಲಿ ಹುಡುಕಾಟದ ಓಡಾಟವೇ ಸಲ್ಲದು. ಮಸೀದಿ, ಇಗರ್ಜಿ, ದೇವಸ್ಥಾನಗಳ ಆವರಣವೂ ಹಾಗೆಯೇ. ಮೂರನೆಯದಾಗಿ ರೈಲು ಹಳಿ, ನಿಲ್ದಾಣ, ಶಾಲೆ, ಸರಕಾರಿ ಕಚೇರಿ, ಸೇತುವೆ. ವಾರಸುದಾರರಿಲ್ಲದ ಡಬ್ಬಿಯನ್ನು ಅಲ್ಲಿ ಕಂಡವರು ಪೊಲೀಸರನ್ನು ಕರೆಯುತ್ತಾರೆ, ಕರೆಯುವುದೇ ಸರಿ. ಅರಣ್ಯ ಇಲಾಖೆಯ ಜಾಗದಲ್ಲಿ, ಉದಾಹರಣೆಗೆ ರಾಣಿಪುರದ ಬೆಟ್ಟದಲ್ಲಿ, ಅನುಮತಿಯಿಲ್ಲದೆ ಏನನ್ನೂ ಬಿಟ್ಟು ಬರುವಂತಿಲ್ಲ. ನೆರೆಮನೆಯವರ ತೋಟವಾದರೆ ಅವರನ್ನು ಕೇಳಿ. ಕೇಳುವಾಗ ಮಗುವೂ ಜೊತೆಗಿರಲಿ.

ಬೇಕಲ ಕೋಟೆಯಲ್ಲಿ ಡಬ್ಬಿ ಇಡಬಹುದೇ?

ಇಡಬಾರದು. ಕೆಳದಿಯ ಶಿವಪ್ಪ ನಾಯಕನ ಕಾಲದ್ದೆನ್ನುವ ಈ ಕೋಟೆ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಕಲ್ಲಿನ ಸಂದುಗಳನ್ನು ಕೆದಕುವುದಕ್ಕೆ ಯಾರಿಗೂ ಹಕ್ಕಿಲ್ಲ. ಆದರೆ ಡಬ್ಬಿಯಿಲ್ಲದ ಹುಡುಕಾಟವೂ ಇದೆ. ಮೊದಲೇ ಹೋಗಿ ನಾಲ್ಕೈದು ಜಾಗಗಳ ಸ್ಥಾನಾಂಕ ಬರೆದುಕೊಂಡು, ಪ್ರತಿಯೊಂದಕ್ಕೂ ಅಲ್ಲಿಯೇ ನಿಂತು ಉತ್ತರಿಸಬೇಕಾದ ಪ್ರಶ್ನೆಯನ್ನು ಸಿದ್ಧಪಡಿಸಿ. ಮೆಟ್ಟಿಲಿರುವ ಕೊಳಕ್ಕೆ ಎಷ್ಟು ಮೆಟ್ಟಿಲು ಕಾಣುತ್ತದೆ? ನಡುವಿನ ವೀಕ್ಷಣಾ ಬುರುಜಿನ ಮೇಲೆ ನಿಂತಾಗ ಸಮುದ್ರ ಯಾವ ಯಾವ ದಿಕ್ಕಿಗೆ ಕಾಣುತ್ತದೆ? ಗೋಡೆಯ ರಂಧ್ರಗಳು ಏಕೆ ಕೆಳಮುಖವಾಗಿ ಓರೆಯಾಗಿವೆ? ನಲವತ್ತು ಎಕರೆಯ ಕೋಟೆಯನ್ನು ಸುಮ್ಮನೆ ನಡೆದು ಬೇಸರಪಡುವ ಮಗು ಇಂತಹ ಪ್ರಶ್ನೆಗಳನ್ನು ಹಿಡಿದು ಓಡಾಡುತ್ತದೆ.

ಭೂವಿಜ್ಞಾನಕ್ಕೆ ಮೀಸಲಾದ ಅರ್ಥ್‌ಕ್ಯಾಶ್ ಎಂಬ ಅಧಿಕೃತ ಬಗೆಯಲ್ಲಿಯೂ ಡಬ್ಬಿ ಇರುವುದಿಲ್ಲ. ನೆಲವನ್ನು ನೋಡಿ ಪ್ರಶ್ನೆಗೆ ಉತ್ತರಿಸಬೇಕು. ನಮ್ಮ ಮುರಕಲ್ಲು ಇದಕ್ಕೆ ಹೇಳಿಮಾಡಿಸಿದ ವಿಷಯ. ಮಲಬಾರಿನಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರಿಟ್ಟದ್ದು 1807ರಲ್ಲಿ ಅಚ್ಚಾದ ಪ್ರವಾಸ ಗ್ರಂಥದಲ್ಲಿ. ನೆಲದೊಳಗಿರುವಾಗ ಮೆದುವಾಗಿದ್ದು, ಕಡಿದು ಗಾಳಿಗಿಟ್ಟ ಮೇಲೆ ಗಟ್ಟಿಯಾಗುವ ಈ ಕಲ್ಲಿನ ಗುಣವನ್ನು ಮಕ್ಕಳು ಹಳೆಯ ಗೋಡೆಯನ್ನೂ ಹೊಸದಾಗಿ ಕಡಿದ ಧರೆಯನ್ನೂ ಮುಟ್ಟಿ ಹೋಲಿಸಿ ತಿಳಿಯಬಹುದು.

ಹಾವಿನ ಭಯಕ್ಕೆ ಏನು ಪರಿಹಾರ?

ನಾಗರಹಾವು, ಕೊಳಕುಮಂಡಲಗಳು ಇರುವ ಊರು ನಮ್ಮದು, ಹೀಗಾಗಿ ಭಯ ನ್ಯಾಯವಾದದ್ದೇ. ಡಬ್ಬಿಯನ್ನು ಯಾವಾಗಲೂ ಕಣ್ಣಿಗೆ ಕಾಣುವ, ಕೈಯನ್ನು ಸಂದಿಗೆ ಹಾಕದೆ ತೆಗೆಯಬಹುದಾದ ಜಾಗದಲ್ಲಿ, ಮಗುವಿನ ಸೊಂಟದ ಎತ್ತರಕ್ಕಿಂತ ಮೇಲೆ ಇಡಿ. ಕಲ್ಲಿನ ಕಟ್ಟದ ಬಿರುಕು, ಹುತ್ತ, ಒಣಸೋಗೆಯ ರಾಶಿ, ತೆಂಗಿನ ಸಿಪ್ಪೆಯ ರಾಶಿ ಬೇಡ. ಪ್ರತಿಯೊಬ್ಬರ ಕೈಯಲ್ಲಿಯೂ ಕೋಲಿರಲಿ. ಮೊದಲು ಕೋಲು, ಆಮೇಲೆ ಕೈ. ಎಲ್ಲಾದರೂ ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಮಾಡದೆ, ಮಗುವನ್ನು ಓಡಾಡಿಸದೆ, 108ಕ್ಕೆ ಕರೆ ಮಾಡಿ ಪ್ರತಿವಿಷ ಇರುವ ಆಸ್ಪತ್ರೆಗೆ ಕರೆದೊಯ್ಯಬೇಕು.

ಜೂನಿನಿಂದ ಸೆಪ್ಟೆಂಬರಿನವರೆಗೆ ಜಗಲಿ ಮತ್ತು ಅಂಗಳದ ಆಟ ಸಾಕು. ನವೆಂಬರಿನಿಂದ ಫೆಬ್ರವರಿಯವರೆಗೆ ಗುಡ್ಡೆ ಹತ್ತಲು ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಬೆಳಗ್ಗೆ ಏಳಕ್ಕೆ ಹೊರಟು ಒಂಬತ್ತರೊಳಗೆ ಮನೆ ಸೇರಿ. ಮುರಕಲ್ಲಿನ ಪದವು ಆಮೇಲೆ ಬಿಸಿಲಿಗೆ ಕಾದು ಸುಡುತ್ತದೆ.

ಸುಳಿವನ್ನು ಕನ್ನಡದಲ್ಲಿ ಗುಪ್ತವಾಗಿ ಬರೆಯುವುದು ಹೇಗೆ?

ಇಂಗ್ಲಿಷಿನ ಸುಳಿವುಗಳನ್ನು ಪ್ರತಿ ಅಕ್ಷರವನ್ನೂ ಹದಿಮೂರು ಸ್ಥಾನ ಮುಂದಕ್ಕೆ ತಳ್ಳಿ ಬರೆದಿರುತ್ತಾರೆ. ನಮ್ಮ ವರ್ಣಮಾಲೆಗೆ ಇದಕ್ಕಿಂತ ಚೆಂದದ ದಾರಿಯಿದೆ. ವರ್ಗೀಯ ವ್ಯಂಜನಗಳು ಐದೈದರ ಐದು ಸಾಲುಗಳು. ಕ ಸಾಲನ್ನು ಚ ಸಾಲಿನೊಂದಿಗೆ, ಟ ಸಾಲನ್ನು ತ ಸಾಲಿನೊಂದಿಗೆ ಅದಲುಬದಲು ಮಾಡಿ. ಪ ಸಾಲು, ಅವರ್ಗೀಯಗಳು, ಸ್ವರಚಿಹ್ನೆಗಳು ಇದ್ದಂತೆಯೇ ಇರಲಿ. ‘ಕಟ್ಟೆಯ ಹಿಂದೆ’ ಎಂಬುದು ‘ಚತ್ತೆಯ ಹಿಂಡೆ’ ಆಗುತ್ತದೆ, ‘ಮರದ ಬುಡ’ ಎಂಬುದು ‘ಮರಡ ಬುದ’ ಆಗುತ್ತದೆ. ಬಿಡಿಸುವುದಕ್ಕೂ ಅದೇ ಕ್ರಮ. ವರ್ಣಮಾಲೆಯನ್ನು ಸಾಲುಸಾಲಾಗಿ ನೆನಪಿಟ್ಟ ಮಗುವಿಗೆ ಮಾತ್ರ ಇದು ಬಿಡಿಸಲು ಬರುವುದರಿಂದ, ಎರಡನೆಯ ತರಗತಿಯವರೂ ಅದನ್ನು ತಾವಾಗಿಯೇ ಕಲಿಯತೊಡಗುತ್ತಾರೆ.

ಡಬ್ಬಿಯ ಪುಸ್ತಕದಲ್ಲಿ ಏನು ಬರೆಯಬೇಕು?

ಹೆಸರು, ದಿನಾಂಕ ಸಾಕು. ಯಾವ ಭಾಷೆಯಲ್ಲಿಯೂ ಬರೆಯಬಹುದು. ಆದರೂ ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ಮಕ್ಕಳು ಮನೆಯಲ್ಲಿ ಹವ್ಯಕ ಕನ್ನಡವನ್ನೋ ತುಳುವನ್ನೋ ಕೊಂಕಣಿಯನ್ನೋ ಮರಾಟಿಯನ್ನೋ ಆಡುತ್ತಾರೆ, ಪೇಟೆಯಲ್ಲಿ ಮಲಯಾಳವನ್ನು ಕೇಳುತ್ತಾರೆ, ಫೋನಿನಲ್ಲಿ ಇಂಗ್ಲಿಷನ್ನು ಒತ್ತುತ್ತಾರೆ. ಪರೀಕ್ಷೆಯ ಹೊರಗೆ ಕೈಯಿಂದ ಕನ್ನಡ ಬರೆಯುವ ಸಂದರ್ಭಗಳು ಅವರಿಗೆ ಕಡಿಮೆಯಾಗುತ್ತಿವೆ. ಡಬ್ಬಿಯ ಪುಸ್ತಕ ಅಂತಹ ಒಂದು ಸಂದರ್ಭ. ಬರುವಾಗ ದಾರಿಯಲ್ಲಿ ಕಂಡ ಹಕ್ಕಿ, ದಾಟಿದ ತೋಡು, ಜೊತೆಗಿದ್ದವರು, ಇವುಗಳ ಬಗ್ಗೆ ಎರಡು ವಾಕ್ಯ ಬರೆಯಲು ಹೇಳಿ. ತಪ್ಪುಗಳನ್ನು ಅಲ್ಲಿಯೇ ತಿದ್ದಬೇಡಿ.

ಹುಡುಕಿದ್ದು ಸಿಗದೆ ಮಗು ಅತ್ತರೆ?

ಸಿಗದಿರುವುದೂ ಆಟದ ಭಾಗವೇ. ‘ಸಿಗಲಿಲ್ಲ’ ಎಂದು ದಾಖಲಿಸುವ ಪದ್ಧತಿಯೇ ಇದೆ, ಏಕೆಂದರೆ ಡಬ್ಬಿ ಕಳೆದುಹೋಗಿರಬಹುದೆಂದು ಅಡಗಿಸಿದವರಿಗೆ ಅದರಿಂದ ತಿಳಿಯುತ್ತದೆ. ಮೊದಲ ಕೆಲವು ಹುಡುಕಾಟಗಳಲ್ಲಿ ಮಾತ್ರ ಖಂಡಿತ ಸಿಗುವಂತೆ ಇಡಿ. ಅಣ್ಣ ತಂಗಿಯರಿದ್ದರೆ ತಂಗಿಗೆ ಮೊದಲ ಐದು ನಿಮಿಷ ಬಿಟ್ಟುಕೊಡಲು ಅಣ್ಣನಿಗೆ ಹೇಳಿ.

ಫೋಟೋಗಳನ್ನು ಹಂಚಿಕೊಳ್ಳಬಹುದೇ?

ಮನೆಯ ತೋಟದ ಸ್ಥಾನಾಂಕವನ್ನು ಸಾರ್ವಜನಿಕವಾಗಿ ಹಾಕಬೇಡಿ. ಫೋನಿನ ಫೋಟೋದೊಳಗೆ ತೆಗೆದ ಜಾಗ ದಾಖಲಾಗಿರುತ್ತದೆ. ಕ್ಯಾಮರಾದ ಸೆಟ್ಟಿಂಗಿನಲ್ಲಿ ಅದನ್ನು ನಿಲ್ಲಿಸಿ. ಖಾತೆ ದೊಡ್ಡವರ ಹೆಸರಿನಲ್ಲಿರಲಿ, ಮಕ್ಕಳ ನಿಜ ಹೆಸರೂ ಶಾಲೆಯೂ ಎಲ್ಲಿಯೂ ಬರದಿರಲಿ.

ನಮ್ಮ ಡಬ್ಬಿಯನ್ನು ಅಧಿಕೃತವಾಗಿ ಪ್ರಕಟಿಸಬೇಕಾದರೆ?

ಜಾಗದ ಯಜಮಾನರ ಒಪ್ಪಿಗೆ, ಹತ್ತಿರದ ಇನ್ನೊಂದು ಡಬ್ಬಿಯಿಂದ ಕನಿಷ್ಠ 161 ಮೀಟರ್ ಅಂತರ, ನಿಯತವಾಗಿ ಹೋಗಿ ನೋಡಿಕೊಳ್ಳುವ ಸಾಮರ್ಥ್ಯ, ಇಷ್ಟು ಬೇಕು. ಸ್ವಯಂಸೇವಕ ಪರಿಶೀಲಕರೊಬ್ಬರು ನೋಡಿದ ಮೇಲೆಯೇ ಅದು ನಕ್ಷೆಯಲ್ಲಿ ಕಾಣಿಸುತ್ತದೆ. ಅಪರಿಚಿತರು ಬರುವ ಜಾಗವಾಗುವುದರಿಂದ ಮನೆಯ ತೋಟವನ್ನು ಇದಕ್ಕೆ ಆರಿಸಬೇಡಿ. ರಜೆಗೆ ಮಾತ್ರ ಊರಿಗೆ ಬರುವವರು ಪ್ರಕಟಿಸದಿರುವುದು ಲೇಸು. ಹಾಳಾದ ಡಬ್ಬಿಯನ್ನು ಸರಿಪಡಿಸಲು ಇಲ್ಲಿ ಯಾರೂ ಇಲ್ಲದಿದ್ದರೆ ಅದು ಗುಡ್ಡೆಯ ಕಸವಾಗುತ್ತದೆ. ಇನ್ನು ನೋಡಿಕೊಳ್ಳಲು ಆಗುವುದಿಲ್ಲ ಎನಿಸಿದ ದಿನ ಡಬ್ಬಿಯನ್ನು ಮನೆಗೆ ತಂದು, ಆ್ಯಪಿನಲ್ಲಿ ಅದನ್ನು ಮುಕ್ತಾಯಗೊಳಿಸಿ, ಮಕ್ಕಳು ಬರೆದ ಪುಸ್ತಕವನ್ನು ತೆಗೆದಿರಿಸಿಕೊಳ್ಳಿ.